ಕೆಟಾದ ಕೆಂಪು ಪಾನಕ ಮತ್ತು ನಿರ್ದೇಶಕರ ನೆನಪು

ಪುಂಡಿ ಹೂವಿನ ಕೆಂಪು ಪಾನಕವಾದ ಸೋಬೋಲೋದಲ್ಲಿ ಆ್ಯಂಟಿಆಕ್ಸಿಡೆಂಟ್‌ಗಳು ಹೇರಳವಾಗಿರುವುದರಿಂದ, ಅದನ್ನು ಕುಡಿಯುವವರಿಗೆ ಮರೆವಿನ ಕಾಯಿಲೆ ಬರತಕ್ಕದ್ದಲ್ಲ ಎಂದು ಕೆಟಾ ಪಟ್ಟಣದ ಮಿದುಳು ಸಂರಕ್ಷಣಾ ಸಂಸ್ಥೆಯು ಸರ್ವಾನುಮತದಿಂದ ತೀರ್ಮಾನಿಸಿತ್ತು. ನಿರ್ದೇಶಕರಾದ ಡಾ. ಅಗ್ಬೆಕೊ ಅವರು ಅದನ್ನು ನೀರಿನಂತೆ ಕುಡಿಯುತ್ತಿದ್ದರು. ಆದ್ದರಿಂದ ಒಂದು ಬೆಳಿಗ್ಗೆ ಅವರು ಸಹಾಯಕಿ ಎಡಿನಾಮಳನ್ನು "ಮಾವುಸೆ" ಎಂದು ಬೇರಾರದೋ ಹೆಸರಿನಿಂದ ಕರೆದಾಗ, ತಪ್ಪು ಯಾರದೆಂಬ ಬಗ್ಗೆ ಯಾರಿಗೂ ಗೊಂದಲವಾಗಲಿಲ್ಲ.

ಎಡಿನಾಮಳಿಗೆ ಮಾತ್ರ ಕಳವಳವಾಯಿತು. ಅವಳಿಗೆ ಕೆಲಸ ಕಲಿಸಿದವರು ಅವರೇ; ಅವಳ ಮದುವೆಯಲ್ಲಿ ತಂದೆಯ ಜಾಗದಲ್ಲಿ ನಿಂತವರೂ ಅವರೇ. ಮೊನ್ನೆ ಮನೆಯ ದಾರಿ ತಪ್ಪಿ ಹಿನ್ನೀರ ದಂಡೆಯಲ್ಲಿ ಕೂತಿದ್ದವರನ್ನು ಅವಳೇ ಕೈಹಿಡಿದು ಕರೆತಂದಿದ್ದಳು. ಅವಳು ಉಪನಿರ್ದೇಶಕ ಸೆನಾನುವಿನ ಬಳಿ ಹೋದಳು.

"ಸಾರ್, ಅವರನ್ನ ಅಕ್ರಾದಲ್ಲಿ ಯಾರಾದ್ರೂ ದೊಡ್ಡ ಡಾಕ್ಟರಿಗೆ ತೋರಿಸೋಣ. ಎಲ್ಲಾ ಮರೀತಿದ್ದಾರೆ."

"ಕುಡಿಯೋರೂ ಅವರೇ, ಮರಿಯೋರೂ ಅವರೇನಾ? ನೀನು ದಿನಕ್ಕೆ ಎಷ್ಟು ಲೋಟ ಕುಡೀತೀಯ?"

"ನನಗೆ ಹುಳಿ ಆಗಲ್ಲ ಸಾರ್."

"ನೋಡು ಮತ್ತೆ."

ಮಧ್ಯಾಹ್ನವೇ ಸುತ್ತೋಲೆ ಹೊರಟಿತು: "ನಿರ್ದೇಶಕರ ನೆನಪಿಗೂ ವಾಸ್ತವಾಂಶಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ವಾಸ್ತವಾಂಶವನ್ನು ತಿದ್ದಿಕೊಳ್ಳತಕ್ಕದ್ದು." ಎಡಿನಾಮಳ ಮೇಜಿನ ಮೇಲೆ ಮಾವುಸೆ ಎಂಬ ಫಲಕವೂ ಒಂದು ಹೂಜಿ ಸೋಬೋಲೋವೂ ಬಂದವು. ನಿರ್ದೇಶಕರು ಗುರುವಾರವನ್ನು ಭಾನುವಾರವೆಂದಾಗ ಸಿಬ್ಬಂದಿಯೆಲ್ಲ ಚರ್ಚ್‌ಗೆ ಹೋದರು. ಪಾದ್ರಿಗಳೂ ಒಂದು ಲೋಟ ಕುಡಿದು ಪ್ರವಚನ ನೀಡಿದರು.

ಕೊನೆಗೆ, ಈ ಪಾನಕವನ್ನು ದೇಶದ ಎಲ್ಲ ಆಸ್ಪತ್ರೆಗಳಿಗೂ ಮಂಜೂರು ಮಾಡಲು ಸ್ವತಃ ಸಚಿವರು ದಯಮಾಡಿಸಿದರು. ಅವರಿಗಾದರೂ ಹೇಳಿಬಿಡೋಣವೆಂದು ಎಡಿನಾಮ ಬಾಗಿಲಲ್ಲೇ ಕಾದಿದ್ದಳು. ಅಷ್ಟರಲ್ಲಿ ನಿರ್ದೇಶಕರು ಸಚಿವರ ಪೊದೆಮೀಸೆಯನ್ನು ದಿಟ್ಟಿಸಿ, ಕಣ್ಣು ತುಂಬಿಕೊಂಡು, "ದೊಡ್ಡಮ್ಮ, ಎಷ್ಟು ಸೊರಗಿದ್ದೀಯ" ಎಂದರು.

ಸೆನಾನು ಸುತ್ತೋಲೆಯ ಪ್ರತಿಯನ್ನು ಸಚಿವರ ಕೈಗಿತ್ತ. ಸಚಿವರು ಓದಿದರು, ಒಂದು ಲೋಟ ಕುಡಿದರು, ಎದುರಿನ ಕ್ಯಾಮರಾಗಳನ್ನು ನೋಡಿದರು, ಇನ್ನೊಂದು ಲೋಟ ಕುಡಿದರು.

"ಸಾಹೇಬರೇ, ಇವರಿಗೆ ಹುಷಾರಿಲ್ಲ" ಎಂದಳು ಎಡಿನಾಮ.

"ಸಾಹೇಬ ಯಾರಮ್ಮ ಇಲ್ಲಿ?" ಎಂದ ಸಚಿವರು ನಿರ್ದೇಶಕರ ಕೆನ್ನೆ ಸವರಿದರು. "ಊಟ ಮಾಡಿದ್ಯಾ ಮಗಾ?"

"ಎಲ್ಲಿ ದೊಡ್ಡಮ್ಮ, ಇವರು ಬರೀ ಇದನ್ನೇ ಕುಡಿಸ್ತಾರೆ."

ಸಚಿವರು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಊಟ ತರಿಸಿ, ಆಕ್ಪ್ಲೆ ಮುದ್ದೆಯನ್ನು ಮೀನಿನ ಸಾರಿನಲ್ಲಿ ಅದ್ದಿ ತುತ್ತು ತುತ್ತಾಗಿ ತಿನ್ನಿಸಿದರು. ನಿರ್ದೇಶಕರು ಇಷ್ಟು ಸುಖವಾಗಿ ನಕ್ಕಿದ್ದನ್ನು ಎಡಿನಾಮ ಎಷ್ಟೋ ಕಾಲದಿಂದ ಕಂಡಿರಲಿಲ್ಲ. ಅವಳು ಸಾರಿನ ಪಾತ್ರೆ ಎತ್ತಿಕೊಂಡು ಬಡಿಸಲು ಹೋದಳು.

ಅಂದೇ ಸಂಜೆ ಪಾನಕಕ್ಕೆ ರಾಷ್ಟ್ರವ್ಯಾಪಿ ಮಂಜೂರಾತಿ ದೊರೆಯಿತು. ಆದೇಶದ ಕೆಳಗೆ ಸಚಿವರು "ಇಂತಿ, ದೊಡ್ಡಮ್ಮ" ಎಂದು ಸಹಿ ಮಾಡಿದ್ದರು.