ಕೋದಂಡಪ್ಪ ಹಾಯಿ ಕಲಿತದ್ದು

"ಈ ಊರಲ್ಲಿ ಭೂಮಿಯೊಳಗೆ ಇಳಿಯೋರು ಸಾವಿರಾರು ಮಂದಿ. ನೀರಿನ ಮೇಲೆ ತೇಲೋ ಗಂಡಸು ಮಾತ್ರ ನಾನೊಬ್ಬನೇ!" ಎಂದು ಕೋದಂಡಪ್ಪ ಎದೆ ತಟ್ಟಿಕೊಂಡ. ತಟ್ಟಿದ ರಭಸಕ್ಕೆ ಕೆಮ್ಮು ಬಂತು.

ಅವನು ನಂದಿದುರ್ಗ ಗಣಿಯ ಆಫೀಸಿನಲ್ಲಿ ಹಾಜರಿ ಬರೆಯುವ ಗುಮಾಸ್ತ. ಗಣಿಯ ಉಪ್ಪುಂಡರೂ ಗಣಿಯೊಳಗೆ ಒಮ್ಮೆಯೂ ಇಳಿದವನಲ್ಲ. ದೂರದಿಂದ ಇಣುಕಿದರೇ ತಲೆ ಸುತ್ತುತ್ತಿತ್ತು. ಆದರೆ ಆ ವರ್ಷ ಬೇತಮಂಗಲದ ಕೆರೆಯಲ್ಲಿ, ಗಣಿಯ ಇಂಗ್ಲಿಷ್ ದೊರೆಗಳು ಬಿಟ್ಟುಹೋಗಿದ್ದ ಹಾಯಿದೋಣಿಗಳನ್ನು ಮತ್ತೆ ನೀರಿಗಿಳಿಸಿ, ಗುಮಾಸ್ತರಿಗೂ ಮೂರು ದಿನದ ತರಬೇತಿ ಎಂದು ಸಾರಿದರು. ಕೊನೆಯ ದಿನ ಕೆರೆಯ ನಡುವಿನ ಕಂಬ ಸುತ್ತಿ ಬಂದವರಿಗೆ ಬಿಳಿ ಟೋಪಿ!

ಆ ಟೋಪಿ ಕೋದಂಡಪ್ಪನಿಗೆ ಬೇಕೇ ಬೇಕಿತ್ತು. ಕಾರಣ, ಬೂದಿಕೋಟೆಯ ಭಾವಮೈದ ಚಿಕ್ಕವೆಂಕಟಪ್ಪ. ಮದುವೆಯಾದ ಹೊಸದರಲ್ಲಿ ಮಾವನ ಹೊಲದ ಪುಟ್ಟ ನೀರಿನ ಕುಂಟೆಯಲ್ಲಿ ಕಾಲು ತೊಳೆಯಲು ಹೋಗಿ ಜಾರಿದ ಕೋದಂಡಪ್ಪ, "ಮುಳುಗಿದೆ, ಮುಳುಗಿದೆ!" ಎಂದು ಊರನ್ನೇ ಸೇರಿಸಿದ್ದ. ನೀರು ಮೊಣಕಾಲುದ್ದ! ಅಂದಿನಿಂದ ಭಾವಮೈದ ಮನೆಗೆ ಬಂದಾಗಲೆಲ್ಲ ಅದೇ ರಾಗ: "ಅಕ್ಕಾ, ಬಾವನಿಗೆ ಚೊಂಬಿನ ತುಂಬಾ ನೀರು ಕೊಡಬ್ಯಾಡ. ಮುಳುಗೋದ್ರೆ?"

ಈ ರಾಗವನ್ನು ನಿಲ್ಲಿಸಲು ಲೋಕದಲ್ಲಿದ್ದದ್ದು ಒಂದೇ ಮದ್ದು, ಬಿಳಿ ಟೋಪಿ.

ಕಲಿಸುವವರು ನೌಕಾಪಡೆಯಿಂದ ನಿವೃತ್ತರಾಗಿ ಬಂದಿದ್ದ ಪೆರುಮಾಳ್. ಏನು ತೊಡಬೇಕು, ಏನು ತರಬೇಕು ಎಂಬುದನ್ನು ಅವರು ಬಿಡಿಸಿ ಹೇಳಿದ್ದರು: "ಅರ್ಧ ಚಡ್ಡಿ, ಕ್ಯಾನ್ವಾಸ್ ಬೂಟು, ಟವಲು, ಒಣಬಟ್ಟೆ ಒಂದು ಜೊತೆ. ಬಟ್ಟೆ ಬಿಳೀದಾದ್ರೆ ಒಳ್ಳೇದು ಸಾರ್. ಭಾರ ಏನೂ ಬೇಡ."

ಕೋದಂಡಪ್ಪನ ಕಿವಿಗೆ ಹಿಡಿಸಿದ್ದು 'ಬಿಳಿ' ಒಂದೇ. ಅರ್ಧ ಚಡ್ಡಿ ಹಾಕಲು ತಾನೇನು ಸ್ಕೂಲಿನ ಹುಡುಗನೇ? ಗಂಜಿ ಹಾಕಿ ಇಸ್ತ್ರಿ ಮಾಡಿದ ಮದುವೆಯ ಪಂಚೆ ಟ್ರಂಕಿನಿಂದ ಹೊರಬಂತು.

"ಎಲ್ಲಿಗೆ ಸವಾರಿ?" ಹೆಂಡತಿ ಕನಕಮ್ಮ ಕೇಳಿದಳು.

"ಬೇತಮಂಗಲಕ್ಕೆ. ಮೂರು ದಿನ ಹಾಯಿ ಕಲಿಯೋಕೆ."

ಅನಾಹುತ ಹುಟ್ಟಿದ್ದು ಇಲ್ಲಿ. ಕನಕಮ್ಮನ ತವರಿನ ಮನೆಮಾತು ತೆಲುಗು. ಆ ಮಾತಿನಲ್ಲಿ ಹಾಯಿ ಎಂದರೆ ಸುಖ, ನೆಮ್ಮದಿ, ಕಾಲು ಚಾಚಿ ಮಲಗುವುದು!

"ಆಯಿ ಕಲಿಯೋಕಾ? ನೀವಾ?" ಕನಕಮ್ಮ ಒಲೆ ಮುಂದೆಯೇ ಕುಸಿದು ಕುಳಿತಳು. "ಬಾನುವಾರ ಉಂಡು ಮಲಗಿದ್ರೆ ಸೋಮವಾರ ಗಣಿ ಸೈರನ್ ಕೂಗೋವರ್ಗೂ ಏಳಾಕಿಲ್ಲ. ನೀವೇ ಓಗಿ ಅವ್ರಿಗೆ ಕಲಿಸ್ಬೇಕು!"

"ಇದು ಬೇರೆ ಹಾಯಿ ಕಣೇ. ಗಾಳಿಗೆ ಸಂಬಂಧಪಟ್ಟದ್ದು."

"ಅಂಗಾದ್ರೆ ಬೀಸಣಿಗೇನೂ ಇಡ್ತೀನಿ ಬುಡಿ."

ಬೆಳಗ್ಗೆ ಎದ್ದು ನೋಡಿದರೆ ಬಾಗಿಲಲ್ಲಿ ಒಂದು ಬೆಟ್ಟ! ಸುತ್ತಿ ಕಟ್ಟಿದ ಹಾಸಿಗೆ, ಅದರೊಳಗೆ ಹೂವಿನ ದುಪ್ಪಟಿ, ತವರಿನಿಂದ ಬಂದ ಬೂರುಗದ ಹತ್ತಿಯ ದಪ್ಪ ದಿಂಬು, ತಲೆಗೆ ಹರಳೆಣ್ಣೆ, ಸೀಗೆಪುಡಿ, ಚಕ್ಕುಲಿ ಡಬ್ಬ, ಮೇಲೊಂದು ಬೀಸಣಿಗೆ. ಬಸ್ಸಿನ ಕಂಡಕ್ಟರು ಕೆಳಗಿನಿಂದ ಮೇಲಕ್ಕೆ ನೋಡಿ, "ಮನೆ ಖಾಲಿ ಮಾಡಿದ್ರಾ ಸ್ವಾಮಿ, ಇಲ್ಲ ಮನೆಯೋರು ಖಾಲಿ ಮಾಡ್ಸಿದ್ರಾ?" ಎಂದ.

ಕೋದಂಡಪ್ಪ ಬೀಸಣಿಗೆಯನ್ನು ಬಗಲಿಗೆ ಸೇರಿಸಿ ಸೀಟು ಹಿಡಿದ. ಸಮುದ್ರವೀರರು ಕಂಡಕ್ಟರುಗಳ ಜೊತೆ ವಾದಿಸುವುದಿಲ್ಲ.

ಮೊದಲೆರಡು ದಿನ ಹೇಗೋ ಸಾಗಿತು. ಕೆರೆ ಸೊಗಸಾಗಿತ್ತು, ಬೆಳಗಿನ ಬಿಸಿಲು ನೀರಿನ ಮೇಲೆ ಯಾರೋ ಚಿನ್ನದ ಪುಡಿ ಚೆಲ್ಲಿದಂತೆ ಹೊಳೆಯುತ್ತಿತ್ತು. ದೋಣಿಯಲ್ಲಿ ಕೂರುವ ಹಲಗೆ ಮಾತ್ರ ಕಲ್ಲು! ಎರಡನೆಯ ದಿನ ಸಂಜೆಗೆ ಕೋದಂಡಪ್ಪನಿಗೆ ಕೂರಲೂ ಆಗದು, ಕೂರಲಾಗದೆಂದು ಹೇಳಲೂ ಆಗದು.

ಮೂರನೆಯ ದಿನ ಪರೀಕ್ಷೆ. ದಡದ ಮೇಲೆ ನೋಡಲು ಬಂದ ಕನಕಮ್ಮ, ಪಕ್ಕದಲ್ಲಿ ಹಲ್ಲು ಕಿರಿಯುತ್ತ ಚಿಕ್ಕವೆಂಕಟಪ್ಪ. ಕೋದಂಡಪ್ಪ ಯಾರಿಗೂ ಕಾಣದಂತೆ ದಿಂಬನ್ನು ಹಲಗೆಯ ಮೇಲಿಟ್ಟು, ಅದರ ಮೇಲೆ ಮಹಾರಾಜನಂತೆ ಆಸೀನನಾದ.

"ಸಾರ್, ಪಂಚೆ ಎತ್ತಿ ಕಟ್ಟಿ!" ಪೆರುಮಾಳ್ ಕೂಗಿದರು.

ಭಾವಮೈದನ ಮುಂದೆ ಮೊಣಕಾಲು ತೋರಿಸುವುದೇ? ಮೊಣಕಾಲುದ್ದದ ನೀರಿನ ಕಥೆ ಮತ್ತೆ ಏಳಲೆಂದೇ? ಕೋದಂಡಪ್ಪ ಕೇಳಿಸದವನಂತೆ ಹಗ್ಗ ಎಳೆದ.

ಕಂಬ ಇನ್ನೇನು ಹತ್ತಿರ ಬಂತು. ಗಾಳಿಯೂ ಬಂತು. ಅದಕ್ಕೆ ಹಾಯಿ ಯಾವುದು, ಪಂಚೆ ಯಾವುದು ಎಂಬ ಭೇದ ತಿಳಿಯಲಿಲ್ಲ, ಎರಡೂ ಬಿಳಿ! ಗಂಜಿ ಹಾಕಿದ ಪಂಚೆ ಬುಸ್ಸೆಂದು ಉಬ್ಬಿತು, ಹಾಯಿಯ ಹಗ್ಗಕ್ಕೆ ಸಿಕ್ಕಿಕೊಂಡಿತು, ದೋಣಿ ವಾಲಿತು. ಪಂಚೆ ದೋಣಿಯ ಜೊತೆ ಹೊರಟಿತು. ಕೋದಂಡಪ್ಪ ದಿಂಬಿನ ಜೊತೆ ನೀರಿಗೆ ಬಿದ್ದ.

ಬೂರುಗದ ಹತ್ತಿ ದೊಡ್ಡ ಮನಸ್ಸಿನದು. ಅದು ಮುಳುಗಲೂ ಇಲ್ಲ, ಅವನನ್ನು ಮುಳುಗಿಸಲೂ ಇಲ್ಲ. ಕೋದಂಡಪ್ಪ ದಿಂಬಿನ ಮೇಲೆ ತಲೆಯಿಟ್ಟು, ಹೆದರಿಕೆಗೆ ಕಣ್ಣು ಮುಚ್ಚಿ, ಬರೀ ಬನಿಯನ್, ಚಡ್ಡಿಯಲ್ಲಿ ಅಂಗಾತ ತೇಲಿದ. ಬೇರೊಂದು ದೋಣಿಯಲ್ಲಿ ಧಾವಿಸಿದ ಪೆರುಮಾಳ್ ಕೊಕ್ಕೆ ಹಾಕಿ ಅವನನ್ನು ಮೆಲ್ಲಗೆ ದಡಕ್ಕೆ ಎಳೆದು ತಂದರು. ಅಷ್ಟರಲ್ಲಿ ಅವನ ದೋಣಿ, ಪಂಚೆಯ ಬಾವುಟ ಹಾರಿಸುತ್ತ, ತಾನೇ ಕಂಬ ಸುತ್ತಿ ಬಂದಿತ್ತು!

ಹೂವಿನ ದುಪ್ಪಟಿ ಸುತ್ತಿಕೊಂಡು, ಒದ್ದೆ ದಿಂಬನ್ನು ಮಗುವಿನಂತೆ ಅಪ್ಪಿಕೊಂಡು ಕೋದಂಡಪ್ಪ ನಡುಗುತ್ತ ನಿಂತ. ಚಿಕ್ಕವೆಂಕಟಪ್ಪ ಬಾಯಿ ತೆರೆದ. ಮುಗಿಯಿತು! ಇನ್ನು ಏಳೇಳು ಜನ್ಮಕ್ಕೂ ಈ ಕಥೆಯೇ!

ಆದರೆ ಮೊದಲು ಮಾತಾಡಿದವಳು ಕನಕಮ್ಮ. ಅವಳ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು.

"ನೋಡ್ಲಾ ಚಿಕ್ಕೆಂಕಟ, ನಿಮ್ ಬಾವ ನೀರು ಕಂಡ್ರೆ ಓಡ್ತಾರೆ ಅಂತಿದ್ಯಲ್ಲ! ಮಂಚದ ಮೇಲೆ ಯಾರಾದ್ರೂ ಮಲಗ್ತಾರೆ. ಕೆರೆ ಮೇಲೆ ದಿಂಬಾಕ್ಕಂಡು, ಕಣ್ ಮುಚ್ಕಂಡು, ಎಷ್ಟು ಆಯಾಗಿ ಮಲಗಿದ್ರು! ಮೂರೇ ದಿನಕ್ಕೆ ಇಷ್ಟು ಕಲಿಯೋದು ಅಂದ್ರೆ ಉಡುಗಾಟವಾ?"

ಭಾವಮೈದನ ಬಾಯಿ ತೆರೆದಂತೆಯೇ ಉಳಿಯಿತು. ಪೆರುಮಾಳ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಚೀಲಕ್ಕೆ ಕೈಹಾಕಿ ಬಿಳಿ ಟೋಪಿ ತೆಗೆದರು. ಕೋದಂಡಪ್ಪನ ಎದೆ ಹಿಗ್ಗಿತು. ಹೆಂಡತಿಗೆ ಮನಸ್ಸಿನಲ್ಲೇ ಕೈಮುಗಿದು, ಕಣ್ಣು ಮುಚ್ಚಿ, ವಿನಯದಿಂದ ತಲೆ ಬಾಗಿಸಿದ.

ತಲೆ ಹಗುರಾಗಿಯೇ ಇತ್ತು. ಕಣ್ಣು ತೆರೆದು ನೋಡಿದ.

ಪೆರುಮಾಳ್ ಟೋಪಿಯನ್ನು ದಿಂಬಿಗೆ ತೊಡಿಸಿದ್ದರು.

"ತೇಲೋದ್ರಲ್ಲಿ ಪಾಸಾಗಿರೋದು ಇದೇ, ಸಾರ್!"