ವಿಯೆನ್ನಾದಲ್ಲಿ ಒಂದು ಜೋಡಿ ಫೋಟೊ

ಬೇರೆಯವರು ಊರು ನೋಡಲು ಹೋದರೆ ಊರು ನೋಡಿಕೊಂಡು ಬರುತ್ತಾರೆ. ನಾನು ಹೋದರೆ ಊರಿನವರೆಲ್ಲ ನನ್ನ ಜೊತೆಗಿರುವವರನ್ನು ನೋಡಲು ನಿಲ್ಲುತ್ತಾರೆ. ಇದು ಧರ್ಮಸ್ಥಳದಲ್ಲೂ ಆಗಿದೆ, ಮೈಸೂರಿನಲ್ಲೂ ಆಗಿದೆ. ಯೂರೋಪಿನಲ್ಲಾದರೂ ತಪ್ಪೀತು ಎಂದುಕೊಂಡಿದ್ದೆ.

ಚಿಕ್ಕಬಳ್ಳಾಪುರದಲ್ಲಿ ನನ್ನದೊಂದು ಬೀಜ, ಗೊಬ್ಬರ, ಕ್ರಿಮಿನಾಶಕದ ಅಂಗಡಿ. ಆ ವರ್ಷ ಔಷಧಿ ಕಂಪನಿಯವರು ಹೇಳಿದಷ್ಟು ಮಾಲು ಮಾರಿದ್ದಕ್ಕೆ ನಮ್ಮ ಕಡೆಯ ಮೂವರು ಡೀಲರುಗಳಿಗೆ ವಿಯೆನ್ನಾ ಪ್ರವಾಸ ಸಿಕ್ಕಿತು. ನಾನು, ಚಿಂತಾಮಣಿಯವರು, ಶಿಡ್ಲಘಟ್ಟದವರು. ಹೆಂಡತಿಯನ್ನೂ ಕರೆದುಕೊಂಡು ಬರಬಹುದು ಎಂದಿದ್ದರು. ಬಂದವಳು ನನ್ನವಳೊಬ್ಬಳೇ.

ಅವಳು ಬಂದದ್ದಕ್ಕೆ ಕಾರಣ ಗೌರಿಬಿದನೂರಿನ ಅವಳ ಅಕ್ಕ. ಹಿಂದಿನ ವರ್ಷ ಅದೇ ಕಂಪನಿ ಸಿಂಗಾಪುರ ಎಂದು ಹೇಳಿ ಊಟಿಗೆ ಕರೆದುಕೊಂಡು ಹೋಗಿತ್ತು. ಸಿಂಗಾಪುರದ ಸುದ್ದಿಯನ್ನು ನನ್ನ ಹೆಂಡತಿ ಆಗಲೇ ಊರೆಲ್ಲ ಹಂಚಿಯಾಗಿತ್ತು. ಈ ಸಲ ವಿಯೆನ್ನಾ ಎಂದಾಗ ಅಕ್ಕ, "ಸ್ವೆಟರ್ ತಗೊಂಡ್ಹೋಗೇ, ಊಟೀಲಿ ಚಳಿ" ಎಂದುಬಿಟ್ಟಳು. ಅಂದಿನಿಂದ ನನ್ನ ಹೆಂಡತಿಗೆ ಬೇಕಾದದ್ದು ಒಂದೇ. ಹಿಂದೆ ಒಂದು ಫಾರಿನ್ ಕಟ್ಟಡ, ಮುಂದೆ ನಾವಿಬ್ಬರು, ಒಂದು ಫೋಟೊ.

ಕಂಪನಿಯವರು ನಮ್ಮನ್ನು ಹೋಟೆಲಿನೊಳಗೇ ಕೂರಿಸಿ ದಿನವಿಡೀ ಭಾಷಣ ಕೊಟ್ಟರು. ಹೋಟೆಲಿನ ಫೋಟೊ ತೆಗೆದರೆ ಮೆಜೆಸ್ಟಿಕ್ಕಿನ ಹೋಟೆಲಿನ ಹಾಗೇ ಕಾಣುತ್ತಿತ್ತು. ಊರು ತೋರಿಸುವುದು ಕೊನೆಯ ದಿನ, ಸಂಜೆಗೆ ವಿಮಾನ. ಆ ದಿನ ತಪ್ಪಿದರೆ ಅಕ್ಕನ ಬಾಯಿಗೆ ಮತ್ತೆ ಊಟಿಯೇ ಗತಿ.

ರಾಹುಕಾಲ

ಆ ಕೊನೆಯ ದಿನ ಶುಕ್ರವಾರ. ಊರು ತೋರಿಸುವ ಬಸ್ಸು ಹತ್ತೂವರೆಗೆ ಹೊರಡುತ್ತದೆ ಎಂದರು. ಚಿಂತಾಮಣಿಯವರು ಹೋಟೆಲಿನ ಬಾಗಿಲಲ್ಲೇ ನಿಂತುಬಿಟ್ಟರು.

"ಅಣ್ಣಾ, ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರು. ಹೊಸ್ತಿಲು ದಾಟಲ್ಲ ನಾನು."

ಶಿಡ್ಲಘಟ್ಟದವರು ವಾದಕ್ಕೆ ನಿಂತರೆ ಊಟ ಬಿಟ್ಟಾರು, ವಾದ ಬಿಡುವವರಲ್ಲ. "ಸ್ವಾಮಿ, ಈಗ ನಮ್ಮೂರಲ್ಲಿ ಮಧ್ಯಾಹ್ನ ಎರಡು ಗಂಟೆ. ರಾಹುಕಾಲ ಮುಗಿದು, ಜನ ಊಟ ಮಾಡಿ ಮಲಗಿದಾರೆ. ನಡೀರಿ."

"ರಾಹು ಏನು ನಮ್ಮೂರಲ್ಲಿ ಮಾತ್ರ ಇರ್ತಾನಾ? ಎಲ್ಲಿ ನಿಂತಿದೀವೋ ಅಲ್ಲೀದು ಲೆಕ್ಕ."

"ಅವರಿಗೆ ರಾಹು ಯಾರು ಅಂತಾನೇ ಗೊತ್ತಿಲ್ಲ. ಇಲ್ಲಿ ಅವನಿಗೇನು ಕೆಲಸ?"

ಇಬ್ಬರೂ ನನ್ನ ಮುಖ ನೋಡಿದರು. ಪಂಚಾಯ್ತಿ ಮಾಡುವ ಚಪಲ ನನಗೆ ಮೊದಲಿನಿಂದಲೂ ಇದೆ. ಹೋಟೆಲಿನ ಫೋನಿನಿಂದ ನಮ್ಮೂರ ಜೋಯಿಸರಿಗೇ ಹಚ್ಚಿದೆ. ನಿದ್ದೆಯಿಂದ ಎದ್ದ ಜೋಯಿಸರು ಸಮಸ್ಯೆಯನ್ನು ಪೂರ್ತಿ ಕೇಳಿ, ಗಂಟಲು ಸರಿಮಾಡಿಕೊಂಡು, "ನಿಮ್ಮ ನೆರಳು ಯಾವ ಕಡೆ ಎಷ್ಟುದ್ದ ಬಿದ್ದಿದೆ, ನೋಡಿ ಹೇಳಿ. ಲೆಕ್ಕ ಹಾಕ್ತೀನಿ" ಎಂದರು. ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಹೊರಗೆ ಓಡಿದೆ. ಶಿಡ್ಲಘಟ್ಟದವರೂ ಓಡಿ ಬಂದರು. ಅರ್ಜೆಂಟಿನಲ್ಲಿ ಚಿಂತಾಮಣಿಯವರೂ ಹೊಸ್ತಿಲು ದಾಟಿ ಬಂದರು.

ಆಕಾಶದ ತುಂಬ ಮೋಡ. ನೆರಳೂ ಇರಲಿಲ್ಲ, ಬಸ್ಸೂ ಇರಲಿಲ್ಲ.

ರಾಣಿಯ ಕುರ್ಚಿ

ಕಂಪನಿಯ ಮ್ಯಾನೇಜರು ತಲೆ ಚಚ್ಚಿಕೊಂಡು, ನಮ್ಮ ನಾಲ್ವರಿಗೇ ಅಂತ ಒಬ್ಬ ಗೈಡನ್ನು ಗೊತ್ತು ಮಾಡಿದರು. ಎರಡು ಗಂಟೆ ಹೊತ್ತು ಊರು ತೋರಿಸಿ, ಅರಮನೆಯ ಮುಂದೆ ಬಿಡುವುದು. ಅಲ್ಲಿಗೆ ಬಸ್ಸು ಬಂದು ನಮ್ಮನ್ನು ಏರ್‌ಪೋರ್ಟಿಗೆ ಕರೆದುಕೊಂಡು ಹೋಗುವುದು. ಬಂದವಳು ಎತ್ತರದ ಹುಡುಗಿ. ಮಡಿಸಿದ ಕೊಡೆಯನ್ನು ಮೇಲಕ್ಕೆತ್ತಿ ಹಿಡಿದು ಇಂಗ್ಲಿಷಿನಲ್ಲಿ ಮಾತಾಡುತ್ತ ನಡೆದಳು. ಅವಳು ಹೇಳಿದ್ದರಲ್ಲಿ ನನಗೆ ಅರ್ಥವಾದಷ್ಟನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಆಗದ್ದನ್ನು ಸ್ವಂತವಾಗಿ ಹೇಳುತ್ತಿದ್ದೆ.

ಮೊದಲು ಅರಮನೆಯ ಒಳಗೆ ಹೋದೆವು. ಅಲ್ಲಿ ಫೋಟೊ ತೆಗೆಯುವ ಹಾಗಿಲ್ಲ ಎಂದಾಗ ನನ್ನ ಹೆಂಡತಿ ನಿಟ್ಟುಸಿರು ಬಿಟ್ಟಳು. ಒಂದು ಕೋಣೆಯಲ್ಲಿ ರಾಣಿಯ ಕುರ್ಚಿ. ಅದಕ್ಕೆ ಹೊದಿಸಿದ್ದು ಅಪ್ಪಟ ರೇಷ್ಮೆ, ಅದರ ಮೇಲೆ ಕೂತೇ ರಾಣಿ ಪತ್ರ ಬರೆಯುತ್ತಿದ್ದಳು ಎಂದು ಹುಡುಗಿ ಹೇಳಿದಳು. ನಾನು ಅಷ್ಟನ್ನೂ ತಪ್ಪಿಲ್ಲದೆ ಹೇಳಿದೆ. ಹೇಳಬಾರದಿತ್ತು.

ಶಿಡ್ಲಘಟ್ಟದವರದು ಈಗ ಗೊಬ್ಬರದ ಅಂಗಡಿಯಾದರೂ ಹುಟ್ಟಿ ಬೆಳೆದದ್ದು ರೇಷ್ಮೆ ನೂಲು ತೆಗೆಯುವ ಮನೆಯಲ್ಲಿ. ಆ ಊರಿನವರ ಮುಂದೆ ಯಾರಾದರೂ 'ಅಪ್ಪಟ ರೇಷ್ಮೆ' ಎಂದರೆ ಅವರು ಹೂಂ ಎನ್ನುವುದಿಲ್ಲ. ಒಂದು ಎಳೆ ಕಿತ್ತು, ಸುಟ್ಟು, ವಾಸನೆ ನೋಡುತ್ತಾರೆ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಇಲ್ಲದಿದ್ದರೆ ಮೋಸ.

ಹುಡುಗಿ ಆ ಕಡೆ ಕಿಟಕಿ ತೋರಿಸುತ್ತಿದ್ದಳು. ಈ ಕಡೆ ಕಟಕ್ ಎಂದು ಲೈಟರಿನ ಸದ್ದು. ತಿರುಗಿ ನೋಡಿದರೆ ಶಿಡ್ಲಘಟ್ಟದವರು ಹಗ್ಗದಾಚೆ ಬಗ್ಗಿ, ಕುರ್ಚಿಯ ಅಂಚಿನಲ್ಲಿ ನೇತಾಡುತ್ತಿದ್ದ ಎಳೆಯೊಂದನ್ನು ಕೈಗೆ ತೆಗೆದುಕೊಂಡಾಗಿದೆ.

ಎಲ್ಲಿದ್ದರೋ, ಕಾವಲಿನವರು ಎರಡೂ ಬಾಗಿಲಿನಿಂದ ಓಡಿ ಬಂದರು. ಹುಡುಗಿ ಅವರ ಕೈಕಾಲು ಹಿಡಿಯುವಷ್ಟು ಬೇಡಿಕೊಂಡಳು. ಲೈಟರ್ ಕಿತ್ತುಕೊಂಡು ನಮ್ಮನ್ನು ಸಾಲಾಗಿ ಹೊರಗೆ ಕಳಿಸಿದರು. ಮೆಟ್ಟಿಲಿಳಿಯುವಾಗ ಶಿಡ್ಲಘಟ್ಟದವರು ಬೆರಳು ಮೂಸಿಕೊಳ್ಳುತ್ತ ನನ್ನ ಕಿವಿಯಲ್ಲಿ ಹೇಳಿದರು. "ಆ ಹುಡುಗೀಗೆ ಹೆದರಬೇಡ ಅನ್ನಿ. ಪ್ಯೂರ್ ಸಿಲ್ಕೇ."

ಬೂದಿ ರೋಗ

ಅರಮನೆಯ ಪಕ್ಕದಲ್ಲೇ ಗುಲಾಬಿ ತೋಟ. ಹಿಂದೆ ಅರಮನೆಯ ಗುಮ್ಮಟ, ಮುಂದೆ ಸಾಲು ಸಾಲು ಗುಲಾಬಿ. ನನ್ನ ಹೆಂಡತಿ ಸ್ವೆಟರ್ ಗುಂಡಿ ಬಿಚ್ಚಿ, ರೇಷ್ಮೆ ಸೀರೆಯ ಸೆರಗು ಕಾಣುವ ಹಾಗೆ ಮಾಡಿಕೊಂಡು, "ರೀ, ಇಲ್ಲೇ, ಬನ್ನಿ" ಎಂದು ನಿಂತಳು. ಹುಡುಗಿ ನನ್ನ ಕೈಯಿಂದ ಕ್ಯಾಮರಾ ತೆಗೆದುಕೊಂಡಳು.

ನಾನು ಹೊರಟವನೇ. ಅಷ್ಟರಲ್ಲಿ ಹಿಂದಿನಿಂದ ಚಿಂತಾಮಣಿಯವರ ದನಿ ಕೇಳಿತು. "ಅಣ್ಣಾ, ಬೂದಿ ರೋಗ."

ಔಷಧಿ ಅಂಗಡಿಯವನ ಕಿವಿಗೆ ಆ ಮಾತು ಬಿದ್ದರೆ ಕಾಲು ಮುಂದಕ್ಕೆ ಹೋಗುವುದಿಲ್ಲ. ನಾನೂ ಬಗ್ಗಿದೆ. ಎಲೆ ತಿರುಗಿಸಿದರೆ ಬೆಳ್ಳಗೆ ಹಿಟ್ಟು ಚೆಲ್ಲಿದಂತಿತ್ತು. ಶಿಡ್ಲಘಟ್ಟದವರು ಮತ್ತೊಂದು ಸಾಲಿಗೆ ನುಗ್ಗಿ, "ಇಲ್ಲಿ ನುಸೀನೂ ಇದೆ, ಬನ್ನಿ" ಎಂದರು. ಪೊದೆಯೊಳಗೆ ಮೂರು ಜನ ಬಗ್ಗಿದ್ದು ಕಂಡು ತೋಟದ ಮಾಲಿ ಓಡಿ ಬಂದ. ಚಿಂತಾಮಣಿಯವರು ಎಲೆಯನ್ನು ಅವನ ಮುಖದ ಮುಂದೆ ಹಿಡಿದು, ಬೆನ್ನಿಗೆ ಪಂಪು ಹೊತ್ತು ಔಷಧಿ ಹೊಡೆಯುವವನ ಹಾಗೆ ನಟನೆ ಮಾಡಿ ತೋರಿಸಿದರು. ಮಾಲಿ ತನ್ನ ಕಡೆಯಿಂದ ಒಂದು ನಟನೆ ಮಾಡಿದ. "ಅಷ್ಟು ದೂರದಿಂದ ಹೊಡೆದ್ರೆ ಎಲ್ಲಯ್ಯಾ ಹೋಗುತ್ತೆ" ಎಂದು ಚಿಂತಾಮಣಿಯವರು ಅವನ ಕೈಯನ್ನು ಹಿಡಿದು ತಿದ್ದಿದರು. ಇನ್ನಿಬ್ಬರು ಮಾಲಿಗಳು ಬಂದು ಕಲಿಯತೊಡಗಿದರು.

ಹುಡುಗಿ ಪಾಪ, ಕ್ಯಾಮರಾ ಹಿಡಿದುಕೊಂಡೇ ತೋಟ ಮಾಡಿಸಿದ ರಾಜನ ಕಥೆಯನ್ನೆಲ್ಲ ಹೇಳಿ ಮುಗಿಸಿ, ರಾಜನ ಬಗ್ಗೆ ಏನಾದರೂ ಪ್ರಶ್ನೆ ಇದೆಯೇ ಎಂದು ಕೇಳಿದಳು.

"ಇದೆ," ಎಂದರು ಚಿಂತಾಮಣಿಯವರು ಪೊದೆಯೊಳಗಿನಿಂದ. "ರಾಜನ ಕಾಲದಲ್ಲಿ ಇದಕ್ಕೆ ಯಾವ ಔಷಧಿ ಹೊಡೀತಿದ್ರು ಅಂತ ಕೇಳಿ."

ನನ್ನ ಹೆಂಡತಿ ಸ್ವೆಟರ್ ಗುಂಡಿ ಹಾಕಿಕೊಂಡಳು.

ಚಪ್ಪಲಿ ಸಾಲು

ಆಮೇಲೆ ದೊಡ್ಡ ಚರ್ಚು. ಬಾಗಿಲ ಬಳಿ ನಾವು ನಾಲ್ವರೂ ಬೂಟು ಚಪ್ಪಲಿ ಬಿಚ್ಚಿ ಗೋಡೆಗೆ ಒತ್ತಿ ಇಟ್ಟೆವು. ದೇವರ ಮನೆ ಯಾವ ದೇವರದಾದರೇನು, ಕಾಲಲ್ಲಿ ಚಪ್ಪಲಿ ಇಟ್ಟುಕೊಂಡು ಒಳಗೆ ಹೋಗಲು ನಮಗೆ ಕಾಲೇ ಬರುವುದಿಲ್ಲ. ಇದೆಲ್ಲ ಬೇಕಿಲ್ಲ ಎಂದು ಹುಡುಗಿ ಹೇಳುತ್ತಲೇ ಇದ್ದಳು. "ಇರಲಿ ಬಿಡಮ್ಮ" ಎಂದು ನನ್ನ ಹೆಂಡತಿ ಕನ್ನಡದಲ್ಲೇ ಸಮಾಧಾನ ಮಾಡಿದಳು.

ಒಳಗೆ ಕೈಮುಗಿದು, ಒಂದು ಮೇಣದ ಬತ್ತಿ ಹಚ್ಚಿ ಹೊರಗೆ ಬಂದರೆ ನಮ್ಮ ಚಪ್ಪಲಿ ಎಲ್ಲಿದೆಯೆಂದೇ ತಿಳಿಯಲಿಲ್ಲ. ಗೋಡೆಯುದ್ದಕ್ಕೂ ಬೂಟುಗಳ ಸಾಲು. ನಮ್ಮ ಹಿಂದೆಯೇ ಬಂದ ದೊಡ್ಡ ಪ್ರವಾಸಿ ಗುಂಪೊಂದು ನಮ್ಮ ಚಪ್ಪಲಿ ನೋಡಿ ಇಲ್ಲಿಯ ಪದ್ಧತಿಯೇ ಹೀಗೆ ಎಂದುಕೊಂಡು ಬಿಚ್ಚಿಟ್ಟಿತ್ತು. ಅವರನ್ನು ನೋಡಿ ಅವರ ಹಿಂದಿನವರೂ ಬಿಚ್ಚುತ್ತಿದ್ದರು. ಅದೇ ಊರಿನ ಮುದುಕಿಯೊಬ್ಬಳು ಅಷ್ಟು ವರ್ಷ ತಾನು ತಪ್ಪು ಮಾಡಿದೆನೇನೋ ಎನ್ನುವ ಮುಖ ಮಾಡಿಕೊಂಡು ಬೂಟಿನ ದಾರಕ್ಕೆ ಕೈಹಾಕಿದ್ದಳು.

ಹೆಂಡತಿ ಚಪ್ಪಲಿ ಹುಡುಕುತ್ತಿದ್ದಾಗ ನಾನು, "ಇಲ್ಲೇ ಒಂದು ಫೋಟೊ ಆಗಲಿ" ಎಂದೆ. ಅವಳು ತನ್ನ ಕಾಲು ನೋಡಿಕೊಂಡಳು. ಸೀರೆಯ ಕೆಳಗೆ ನನ್ನದೇ ಬೂದು ಬಣ್ಣದ ಕಾಲುಚೀಲ. "ಈ ಅವತಾರದಲ್ಲಿ ತೆಗೆದ್ರೆ, ಆಸ್ಪತ್ರೇಲಿ ಅಡ್ಮಿಟ್ ಆಗಿದ್ದೆ ಅಂತಾಳೆ ನಮ್ಮಕ್ಕ."

ಅಷ್ಟರಲ್ಲಿ ಚರ್ಚಿನ ನೌಕರನೊಬ್ಬ ಬಂದು ಚಪ್ಪಲಿ ರಾಶಿ ತೋರಿಸಿ ಕೈಬೀಸಿ ಜೋರಾಗಿ ಬೈಯತೊಡಗಿದ. ಚಿಂತಾಮಣಿಯವರು ಬೇಸರದಿಂದ ಜೇಬಿಗೆ ಕೈಹಾಕಿ, "ಚಪ್ಪಲಿ ಕಾಯೋರ ಗಲಾಟೆ ಎಲ್ಲಿಗೋದ್ರೂ ತಪ್ಪಲ್ಲ" ಎಂದು ಅವನ ಅಂಗೈಯಲ್ಲಿ ಒಂದು ನಾಣ್ಯ ಇಟ್ಟರು.

ಸುಳಿ

ಕೊನೆಗೆ ಹುಡುಗಿ ನಮ್ಮನ್ನು ಮತ್ತೆ ಅರಮನೆಯ ಮುಂದಕ್ಕೆ ತಂದು ನಿಲ್ಲಿಸಿದಳು. ಅಲ್ಲಿ ಕುದುರೆಗಾಡಿಗಳ ಸಾಲು. ಗಾಡಿಯವರೆಲ್ಲ ಕರೀ ಟೋಪಿ, ಕರೀ ಕೋಟು ಹಾಕಿ ಮದುವೆ ಗಂಡಿನ ಹಾಗೆ ಕೂತಿದ್ದರು. ಗಂಡ ಹೆಂಡತಿ ಗಾಡಿಯಲ್ಲಿ ಕೂತರೆ ಹಿಂದೆ ಗುಮ್ಮಟ ಪೂರ್ತಿ ಬರುತ್ತದೆ ಎಂದಳು ಹುಡುಗಿ. ನನ್ನ ಹೆಂಡತಿಯ ಮುಖ ಅರಳಿತು. ಅಷ್ಟು ದೂರ ಬಂದು ಅವಳಿಗೆ ಒಂದು ಫೋಟೊ ಕೊಡಿಸಲಾಗದವನು ನಾನು ಎಂಥ ಗಂಡಸು ಅನ್ನಿಸಿಬಿಟ್ಟಿತ್ತು. ಕ್ಯಾಮರಾ ನೋಡಿದೆ. ರೀಲಿನಲ್ಲಿ ಉಳಿದದ್ದು ಒಂದೇ. ಅಲ್ಲಿಯವರೆಗೆ ತೆಗೆದದ್ದೆಲ್ಲ ಕಾನ್ಫರೆನ್ಸಿನಲ್ಲಿ ಮ್ಯಾನೇಜರು ಮೈಕು ಹಿಡಿದ ಫೋಟೊಗಳು.

ಅವಳು ಗಾಡಿಯ ಮೆಟ್ಟಿಲ ಮೇಲೆ ಕಾಲಿಟ್ಟಳು.

"ವದ್ದಕ್ಕಾ, ವದ್ದು," ಎಂದು ಚಿಂತಾಮಣಿಯವರು ಅಡ್ಡ ಬಂದರು. ಗಾಬರಿಯಾದರೆ ಅವರಿಗೆ ತೆಲುಗೇ ಬರುವುದು. ಅವರ ಅಪ್ಪ ತಾತ ದನದ ವ್ಯಾಪಾರದವರು. ಕಾಲಿರುವ ಯಾವ ಪ್ರಾಣಿಯನ್ನೂ ಸುಳಿ ನೋಡದೆ ಅವರು ಮುಟ್ಟುವುದಿಲ್ಲ. "ಕುದುರೆ ಕಣ್ಣ ಕೆಳಗೆ ನೋಡಿ ಅಣ್ಣಾ. ರೋಮ ಸುತ್ತಿಕೊಂಡಿದೆ. ಕಣ್ಣೀರು ಸುಳಿ. ಸಾಕಿದೋರು ಅಳ್ತಾರೆ. ಹತ್ತಬೇಡಿ."

ಗಾಡಿಯವನು ಏನೆಂದು ಕೇಳಿದ. ನಾನು ಹುಡುಗಿಗೆ ಹೇಳಿದೆ, ಹುಡುಗಿ ಅವನಿಗೆ ಹೇಳಿದಳು. ಅವನು ನಕ್ಕ.

"ನಗಬೇಡಪ್ಪಾ ಅನ್ನಿ. ಈ ಕುದುರೆ ಬಂದಮೇಲೆ ಮನೇಲಿ ಏನಾದ್ರೂ ಆಯ್ತಾ, ಕೇಳಿ," ಎಂದರು ಚಿಂತಾಮಣಿಯವರು.

ಹುಡುಗಿ ಕೇಳಿದಳು. ಗಾಡಿಯವನ ನಗು ನಿಂತಿತು. ಟೋಪಿ ತೆಗೆದ. ಬಹಳ ಹೊತ್ತು ಕುದುರೆಯ ಮುಖವನ್ನೇ ನೋಡಿದ. ಆಮೇಲೆ ಗಾಡಿಯ ಮೆಟ್ಟಿಲ ಮೇಲೆ ಕುಸಿದು ಕೂತು ಏನೋ ಹೇಳಿದ.

"ಕುದುರೆ ಕೊಂಡ ವರ್ಷವೇ ಹೆಂಡತಿ ಬಿಟ್ಟು ಹೋದಳಂತೆ," ಎಂದಳು ಹುಡುಗಿ.

ಹಿಂದಿನ ಗಾಡಿಯವನು ಇಳಿದು ಬಂದ, ತನ್ನ ಕುದುರೆಯನ್ನೂ ನೋಡಬೇಕೆಂದ. ಅವನ ಹಿಂದಿನವನೂ ಬಂದ. ಚಿಂತಾಮಣಿಯವರು ಒಂದೊಂದು ಕುದುರೆಯ ಹಣೆ ಸವರಿ, "ಇದು ರಾಜಸುಳಿ, ಮನೆಗೆ ಒಳ್ಳೇದು," "ಇದನ್ನ ತಮ್ಮನಿಗೆ ಕೊಟ್ಟುಬಿಡು" ಎಂದು ತೀರ್ಪು ಕೊಡುತ್ತ ಹೋದರು. ಹುಡುಗಿ ಅವರ ಹಿಂದೆಯೇ ಓಡಾಡಿ ಎಲ್ಲರಿಗೂ ಹೇಳಿದಳು. ಬಾಡಿಗೆಗೆ ಬಂದ ಪ್ರವಾಸಿಗರು ನಿಂತೇ ಇದ್ದರು, ಗಾಡಿ ಒಂದೂ ಹೊರಡಲಿಲ್ಲ.

ಅಷ್ಟರಲ್ಲಿ ನಮ್ಮ ಬಸ್ಸು ಬಂದು ಹಾರನ್ ಹೊಡೆಯಿತು. ನನ್ನ ಹೆಂಡತಿಯ ಕಣ್ಣಲ್ಲಿ ನೀರು. ನಾನು ಕ್ಯಾಮರಾವನ್ನು ಶಿಡ್ಲಘಟ್ಟದವರ ಕೈಗೆ ತುರುಕಿ, "ಗಾಡಿ ಬೇಡ, ಏನೂ ಬೇಡ, ಹಿಂದೆ ಗುಮ್ಮಟ ಬರಲಿ ಸಾಕು" ಎಂದು ಅವಳ ಪಕ್ಕ ಓಡಿ ನಿಂತೆ. ಅವರು ಕಣ್ಣಿಗೆ ಕ್ಯಾಮರಾ ಇಟ್ಟು, ಉಸಿರು ಬಿಗಿಹಿಡಿದು ಒತ್ತಿದರು. ಸರಿಯಾಗಿ ಆಗಲೇ ಚಿಂತಾಮಣಿಯವರು ಆ ಮೊದಲನೇ ಕುದುರೆಯ ಮೂತಿಯನ್ನು ಈ ಕಡೆ ತಿರುಗಿಸಿ, ಬೆರಳಿಟ್ಟು ಯಾರಿಗೋ ಸುಳಿ ತೋರಿಸುತ್ತಿದ್ದರು.

ಊರಿಗೆ ಬಂದು ರೀಲು ತೊಳೆಸಿದೆವು. ಫೋಟೊ ತುಂಬ ಕುದುರೆ ಮುಖ. ಒಂದು ಮೂಲೆಯಲ್ಲಿ ನನ್ನ ಹೆಂಡತಿಯ ಅರ್ಧ ಮುಖ ಮತ್ತು ಸ್ವೆಟರ್, ಅದರ ಪಕ್ಕ ನನ್ನ ಕಿವಿ. ಗುಮ್ಮಟ ಇರಬೇಕಾದ ಕಡೆ ಕುದುರೆಯ ಜುಟ್ಟು.

ಅದನ್ನೇ ತೆಗೆದುಕೊಂಡು ಗೌರಿಬಿದನೂರಿಗೆ ಹೋದೆವು. ಅಕ್ಕ ಫೋಟೊವನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.

"ಇದೇನೇ, ನಮ್ಮೂರ ಬಸ್‌ಸ್ಟ್ಯಾಂಡಿನ ಜಟಕಾ ಕುದುರೆ ಮುಂದೆ ಸ್ವೆಟರ್ ಹಾಕ್ಕೊಂಡು ನಿಂತಿದೀಯ? ಊಟಿಗೂ ಕರ್ಕೊಂಡ್ಹೋಗಲಿಲ್ವೇನೇ ಈ ಸಲ?"

ನನ್ನ ಹೆಂಡತಿ ತಲೆ ತಗ್ಗಿಸಿ ಸೆರಗಿನ ತುದಿ ಸುತ್ತುತ್ತ ಕೂತಳು. ಆ ತಗ್ಗಿದ ತಲೆ ನೋಡಿ, ಚಿಂತಾಮಣಿಯವರ ಮೇಲೆ ನನಗೆ ಎಂದೂ ಬಾರದ ಸಿಟ್ಟು ಬಂತು.

ಜಗಲಿಯಲ್ಲಿ ಕೂತಿದ್ದ ಅಕ್ಕನ ಮಾವನವರು, "ಎಲ್ಲಿ, ಕೊಡಿಲ್ಲಿ" ಎಂದು ಕೈಚಾಚಿದರು. ಸಣ್ಣ ವಯಸ್ಸಿನಿಂದಲೂ ಎತ್ತು ಕಟ್ಟಿದ ಯಜಮಾನರು. ಕನ್ನಡಕ ಏರಿಸಿ, ಫೋಟೊವನ್ನು ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದರು.

"ಸುಮ್ನಿರಮ್ಮ," ಎಂದರು ಸೊಸೆಗೆ. "ಕಣ್ಣೀರು ಸುಳಿ ಇರೋ ಕುದುರೇನ ನಮ್ಮ ಕಡೆ ಬಿಟ್ಟಿ ಕೊಟ್ರೂ ಯಾವನೂ ಕಟ್ಟಲ್ಲ. ಇವರು ಫಾರಿನ್ನಿಗೆ ಹೋಗಿದ್ದು ನಿಜ."