ನಾದಿನಿಯ ಹನ್ನೆರಡು ಕಂಪ್ಯೂಟರು, ನನ್ನ ಕರೆಂಟ್ ಒಲೆ

ನಮ್ಮ ನಾದಿನಿಗೆ ತಲೆ ಕೆಟ್ಟಿದೆ ಎಂದು ತ್ಯಾಗರಾಜನಗರದ ನಮ್ಮ ಬೀದಿಯವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕೆಟ್ಟಿದ್ದರೆ ಎಂದೋ ರಿಪೇರಿ ಮಾಡಿಸಬಹುದಿತ್ತು. ಅದು ತಯಾರಾದದ್ದೇ ಹಾಗೆ!

ಗಂಡನ ತಂಗಿ ಎಂದರೆ ಕೊಟ್ಟ ಮನೆಗೆ ಹೋಗಿ, ಹಬ್ಬಕ್ಕೆ ಬಂದು ಹೋಗುವವಳು ಎಂದು ನಂಬಿ ನಾನು ಈ ಮನೆಗೆ ಸೊಸೆಯಾಗಿ ಬಂದೆ. ಇವಳು ಮದುವೆಯನ್ನೇ ಆಗಲಿಲ್ಲ. ಪಕ್ಕದ ಕನ್ನಡ ಶಾಲೆಯಲ್ಲಿ ಲೆಕ್ಕದ ಮೇಡಂ ಆದಳು, ಅಲ್ಲೇ ತಲೆ ನರೆಸಿಕೊಂಡಳು. ನಿವೃತ್ತಿಯ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಅತ್ತು ಕಳಿಸಿಕೊಟ್ಟರಂತೆ. ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಅದೇ ಶಾಲು ಹೊದ್ದು ಶಾಲೆಗೆ ಹೋದಳು! ಹಿಂದಿನ ದಿನ ಅತ್ತವರೇ ಮರುದಿನ ಹೋಗಿ ಎನ್ನುವುದು ಹೇಗೆ? ಕುರ್ಚಿ ಕೊಟ್ಟರು. ಮೂರು ವರ್ಷವಾಯಿತು, ಸಂಬಳವಿಲ್ಲದೆ ಅದೇ ಕುರ್ಚಿಯಲ್ಲಿದ್ದಾಳೆ.

ಈ ವರ್ಷ ಶಾಲೆಗೇ ಕುತ್ತು ಬಂತು. ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಶಾಲೆಯ ಕಾರ್ಯದರ್ಶಿಗಳು ಕಡ್ಡಿ ಮುರಿದಂತೆ ಹೇಳಿದರು: ಏಪ್ರಿಲ್ ಕೊನೆಯ ಶನಿವಾರ ತಂದೆತಾಯಿಯರು ಶಾಲೆ ನೋಡಲು ಬರುತ್ತಾರೆ, ಬಂದವರು ಮೊದಲು ಕೇಳುವುದೇ ಕಂಪ್ಯೂಟರ್ ಕೋಣೆ, ಅದನ್ನು ತೋರಿಸಿ ಆರನೆಯ ತರಗತಿ ತುಂಬಿಸಿದರೆ ಶಾಲೆ ಉಳಿಯುತ್ತದೆ, ಇಲ್ಲದಿದ್ದರೆ ಬೀಗ. ಇದ್ದ ದುಡ್ಡಿಗೆ ಬರುವುದು ಒಂದೇ ಒಂದು ಒಳ್ಳೆಯ ಕಂಪ್ಯೂಟರು.

ಒಂದು ಸಾಕು ಎಂದು ಇವಳು ಮನೆಗೆ ಬಂದು ಹೇಳಿದಾಗ ಸಾರಿಗೆ ಹಾಕುತ್ತಿದ್ದ ಉಪ್ಪು ನನ್ನ ಕೈಯಲ್ಲೇ ನಿಂತುಬಿಟ್ಟಿತು. ಒಂದನ್ನೇ ಎದುರಿಗಿಟ್ಟು ಮಕ್ಕಳೆಲ್ಲ ಸಾಲಾಗಿ ಬಂದು ನಮಸ್ಕಾರ ಮಾಡಿ ಹೋಗಬೇಕೇ ಎಂದು ಕೇಳಿದೆ.

"ಮಠದ ದಾಸೋಹ ನೋಡಿದೀರಲ್ಲ ಅತ್ತಿಗೆ" ಎಂದಳು. "ಅಡುಗೆಮನೆ ಒಂದೇ. ಪಂಕ್ತೀಲಿ ಕೂತೋರಿಗೆ ತಟ್ಟೆ ಇದ್ರೆ ಸಾಕು. ಇದೂ ಹಂಗೇ. ಯೋಚನೆ ಎಲ್ಲ ಒಂದು ಒಳ್ಳೇ ಕಂಪ್ಯೂಟರ್ ಮಾಡುತ್ತೆ, ಮಿಕ್ಕಿದ್ದು ಬರೀ ತೋರಿಸ್ತವೆ. ಅವಕ್ಕೆ ಥಿನ್ ಕ್ಲೈಂಟ್ ಅಂತಾರೆ."

"ಅಡುಗೆಯವನಿಗೆ ಜ್ವರ ಬಂದ್ರೆ?"

"ಪಂಕ್ತಿಯೆಲ್ಲ ಉಪವಾಸ" ಎಂದಳು, ಇನ್ನೊಂದು ಚೂರು ಪಲ್ಯ ಹಾಕಿ ಎನ್ನುವಷ್ಟು ಸಮಾಧಾನದಲ್ಲಿ. ಇಂಥವಳ ಕೈಯಲ್ಲಿ ಶಾಲೆ ಉಳಿಯುತ್ತದೆಯೇ? ನೀವೇ ಹೇಳಿ!

ತಟ್ಟೆ ಹುಡುಕಲು ಬಿಟಿಎಂ ಲೇಔಟಿಗೆ ಹೋದಳು. ಹಿಂದೆ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಹುಬ್ಬಳ್ಳಿಯವರೊಬ್ಬರು ಈಗ ಅಲ್ಲಿ ಒಂದು ಆಫೀಸಿನ ಸಾಮಾನು ಸರಂಜಾಮು ನೋಡಿಕೊಳ್ಳುತ್ತಾರೆ. ಮೂಲೆಯಲ್ಲಿ ರಾಶಿ ಬಿದ್ದಿದ್ದ ಹಳೆಯ ಕಂಪ್ಯೂಟರುಗಳನ್ನು ತೋರಿಸಿ, "ಇವು ಗುಜರಿಗೆ ಹೋಗೂವು ಅದಾವ್ರೀ ಮೇಡಂ" ಎಂದರಂತೆ. ಒಳ್ಳೆಯದೇ ಆಯಿತು, ಯೋಚನೆ ಮಾಡಲು ಬರದಂಥವೇ ನನಗೆ ಬೇಕಾಗಿತ್ತು ಎಂದಳಂತೆ ಇವಳು. ಪಾಪ, ಅವರು ಒಂದು ಹೆಜ್ಜೆ ಹಿಂದೆ ಸರಿದು, ಕುಡಿಯಲು ನೀರು ತಂದುಕೊಟ್ಟರಂತೆ.

ಹನ್ನೆರಡೂ ಗೂಡ್ಸ್ ಆಟೋದಲ್ಲಿ ಬಂದು ನಮ್ಮ ಹಜಾರದಲ್ಲಿ ಇಳಿದವು. ಸ್ಕ್ರೂಡ್ರೈವರ್ ಹಿಡಿದು ಒಂದೊಂದರ ಹೊಟ್ಟೆಯನ್ನೂ ಬಗೆದಳು. ಒಳಗಿನಿಂದ ಏನೋ ಕಬ್ಬಿಣದ ಹೋಳಿಗೆಯಂಥದನ್ನು ಕಿತ್ತು ಪಕ್ಕಕ್ಕಿಟ್ಟಳು. ಇದ್ದುದನ್ನೂ ಕೀಳುತ್ತೀಯಲ್ಲ ಎಂದು ನಾನು ಬೈದರೆ, ಅದು ನೆನಪಿನ ಭಾಗ, ಇವಕ್ಕೆ ನೆನಪು ಬೇಡ ಎಂದಳು. ನೆನಪಿಲ್ಲದವರು ಈ ಮನೆಯಲ್ಲಿ ಆಗಲೇ ಒಬ್ಬರಿದ್ದಾರೆ ಎಂದು ನಾನು ಗಂಡನ ಕಡೆ ನೋಡಿದೆ. ಅವರು ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿದರು.

ಇಷ್ಟಾದರೆ ಸಹಿಸಬಹುದಿತ್ತು. ಕೀಬೋರ್ಡುಗಳು ಕೊಳೆಯಾಗಿವೆ ಎಂದು ಒಂದೊಂದು ಅಕ್ಷರದ ಗುಂಡಿಯನ್ನೂ ಕಿತ್ತು, ಸೀಗೆಪುಡಿ ಹಾಕಿ ತೊಳೆದು, ಮಹಡಿಯ ಮೇಲೆ ಒಣಹಾಕಿದಳು. ಎಲ್ಲಿ? ನನ್ನ ಸಂಡಿಗೆಯ ಪಕ್ಕದಲ್ಲಿ, ಅದೇ ಸೀರೆಯ ಮೇಲೆ! ಸಂಜೆ ಬಾಚಿಕೊಂಡು ಬಂದವಳು ನಾನು. ಸಂಡಿಗೆ ಕರಿಯುವಾಗ ಒಂದು ಅರಳಲೇ ಇಲ್ಲ, ಕರಗಿ ಎಣ್ಣೆಯೆಲ್ಲ ವಾಸನೆ ಹೊಡೆಯಿತು. ಜಾಲರಿಯಲ್ಲಿ ಎತ್ತಿ ನೋಡಿದರೆ ಇಂಗ್ಲಿಷ್ ಅಕ್ಷರ. ಯಾವುದೆಂದು ನನ್ನನ್ನು ಕೇಳಬೇಡಿ, ನನಗೆ ಅದನ್ನು ಓದಲು ಬರುವುದಿಲ್ಲ. ಕರಿದ ಮೇಲಂತೂ ಯಾರಿಗೂ ಬರುತ್ತಿರಲಿಲ್ಲ.

ಇದ್ದ ದುಡ್ಡಿಗೆ ಒಂದು ಒಳ್ಳೆಯ ಕಂಪ್ಯೂಟರೂ ಬಂದು, ಶಾಲೆಯಲ್ಲಿ ಕೋಣೆ ಸಿದ್ಧವಾಯಿತು. ಹೊಸ ಕೋಣೆಗೆ ಹಾಲುಕ್ಕಿಸದೆ ಯಾರಾದರೂ ಕಾಲಿಡುತ್ತಾರೆಯೇ? ನನ್ನ ಕರೆಂಟ್ ಒಲೆ, ಹಿತ್ತಾಳೆ ಪಾತ್ರೆ ತೆಗೆದುಕೊಂಡು ಬರುತ್ತೇನೆ ಎಂದೆ. ದೇವರಿಗೆ ದೀಪ ಹಚ್ಚಿದರೂ ಎಣ್ಣೆ ಎಷ್ಟು ಹೊತ್ತು ಬರುತ್ತದೆಂದು ಲೆಕ್ಕ ಕೇಳುವ ಹೆಂಗಸು, ಈ ಸಲ ಆಗಲಿ ಎಂದು ತಲೆಯಾಡಿಸಿಬಿಟ್ಟಳು. ನಾನು ಗಾಬರಿಯಾಗಿ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು.

ಶನಿವಾರ ಬಂತು. ಗೋಡೆಯುದ್ದಕ್ಕೂ ತಂದೆತಾಯಿಯರು ನಿಂತಿದ್ದಾರೆ, ಶಾಲೆ ನೋಡಲು ಬಂದ ಮಕ್ಕಳೇ ಹನ್ನೆರಡು ಕಂಪ್ಯೂಟರಿನ ಮುಂದೆ ಕೂತು ಕನ್ನಡದಲ್ಲಿ ತಮ್ಮ ಹೆಸರು, ಊರು ಒತ್ತುತ್ತಿದ್ದಾರೆ. ಬಾಗಿಲ ಬಳಿ ಕಾರ್ಯದರ್ಶಿಗಳು ಕೈಕಟ್ಟಿಕೊಂಡು ನಿಂತಿದ್ದಾರೆ. ನಾನು ಪೂರ್ವದ ಮೂಲೆಯಲ್ಲಿ ಒಲೆ ಇಟ್ಟು, ಪಾತ್ರೆಗೆ ವಿಭೂತಿ ಹಚ್ಚಿ ಹಾಲು ಸುರಿದು, ಒಲೆಯ ವೈರನ್ನು ಗೋಡೆಯಲ್ಲಿ ಕಂಡ ಪ್ಲಗ್ಗಿಗೆ ಸಿಕ್ಕಿಸಿದೆ. ಹಾಲಿನ ಅಂಚಿನಲ್ಲಿ ನೊರೆ ಕಟ್ಟತೊಡಗಿತು. ಶಿವಾ ಎಂದು ಕಣ್ಣು ಮುಚ್ಚಿದೆ.

ಠಪ್!

ಕಣ್ಣು ಬಿಟ್ಟರೆ ಹನ್ನೆರಡು ಪರದೆಯೂ ಕಪ್ಪು. ಫ್ಯಾನು ನಿಂತಿದೆ. ಎದುರು ಮೂಲೆಯಲ್ಲಿ ಎಂಥದೋ ಪೆಟ್ಟಿಗೆ ಕುಂಯ್ ಕುಂಯ್ ಎನ್ನುತ್ತಿದೆ. ಒಬ್ಬ ಹುಡುಗಿಯ ಅಪ್ಪ, "ಇಷ್ಟೇನಾ ಇವರ ಲ್ಯಾಬು? ನಡಿ ಪುಟ್ಟಿ" ಎಂದು ಮಗಳ ಕೈ ಹಿಡಿದ. ಅವನ ಹಿಂದೆ ಇನ್ನಿಬ್ಬರು ಬಾಗಿಲ ಕಡೆ ತಿರುಗಿದರು. ಕಾರ್ಯದರ್ಶಿಗಳು ಒಲೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಒಂದು ಶಾಲೆಯನ್ನು ಅರ್ಧ ಲೀಟರ್ ಹಾಲಿನಲ್ಲಿ ಮುಳುಗಿಸಿದವಳು ಬೆಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು!

ನಾದಿನಿ ಅವಸರ ಮಾಡಲಿಲ್ಲ. ಒಲೆಯ ಪ್ಲಗ್ ಎಳೆದಳು, ಹೊರಗಿನ ಬೋರ್ಡಿನಲ್ಲಿ ಕೆಳಗೆ ಬಿದ್ದಿದ್ದ ಮೇನ್ ಸ್ವಿಚ್ಚನ್ನು ಮೇಲಕ್ಕೆತ್ತಿ ಬಂದಳು. "ಎರಡು ನಿಮಿಷ ಇರಿ ಸಾರ್. ಮಗು ಬರೆದಿದ್ದು ನೋಡ್ಕೊಂಡು ಹೋಗಿ."

"ಇನ್ನೇನು ಮೇಡಂ ನೋಡೋದು? ಎಲ್ಲ ಹೋಯ್ತಲ್ಲ" ಎಂದ ಅವನು. ಆದರೂ ನಿಂತ.

ಪರದೆಗಳು ಒಂದೊಂದಾಗಿ ಬೆಳಗಿದವು. ಆ ಹುಡುಗಿಯ ಪರದೆಯಲ್ಲಿ ಅವಳ ಹೆಸರಿತ್ತು, ಅದರ ಕೆಳಗೆ "ಚಿಕ್ಕಲಸಂ" ಎಂದಿತ್ತು. ಕರೆಂಟು ಹೋದಾಗ ಎಲ್ಲಿಗೆ ನಿಂತಿದ್ದಳೋ ಅಲ್ಲಿಯೇ! ಅವಳು ಅಪ್ಪನ ಕೈ ಬಿಡಿಸಿಕೊಂಡು ಹೋಗಿ ಮಿಕ್ಕಿದ್ದ "ದ್ರ" ಒತ್ತಿ ಊರಿನ ಹೆಸರು ಮುಗಿಸಿದಳು. ಹನ್ನೆರಡರಲ್ಲೂ ಒಂದಕ್ಷರವೂ ಅಳಿಸಿರಲಿಲ್ಲ. ಮೂಲೆಯ ಪೆಟ್ಟಿಗೆ ಬ್ಯಾಟರಿಯಂತೆ. ಯೋಚಿಸುವ ಕಂಪ್ಯೂಟರು ಅದರ ಮೇಲೆ ಓಡುತ್ತಲೇ ಇತ್ತು, ಕತ್ತಲಾದದ್ದು ತಟ್ಟೆಗಳಿಗೆ ಮಾತ್ರ. ನಮ್ಮನೆ ಕಂಪ್ಯೂಟರಲ್ಲಿ ಕರೆಂಟ್ ಹೋದರೆ ಬರೆದದ್ದೆಲ್ಲ ಹೋಗುತ್ತದೆ ಎಂದು ಒಬ್ಬ ತಾಯಿ ಹೇಳಿದರು. ಚಿಕ್ಕಲಸಂದ್ರದ ಅಪ್ಪ ಅರ್ಜಿ ಎಲ್ಲಿ ಕೊಡುತ್ತೀರಿ ಎಂದು ಕೇಳಿದ. ಮಧ್ಯಾಹ್ನದ ಹೊತ್ತಿಗೆ ಅರ್ಜಿ ಸಾಲದೆ ಕಾರ್ಯದರ್ಶಿಗಳೇ ಜೆರಾಕ್ಸ್ ಅಂಗಡಿಗೆ ಓಡಿದರು.

ಎಲ್ಲರೂ ಹೋದ ಮೇಲೆ ನಾನು ಸೆರಗಿನಲ್ಲಿ ಒಲೆ ಒರೆಸುತ್ತಾ, ತಪ್ಪು ನನ್ನದೇ ಎಂದು ಒಪ್ಪಿಕೊಂಡೆ. ಒಲೆ ಬೇಡ ಎಂದು ಲೆಕ್ಕದ ಮೇಡಮ್ಮಿಗಾದರೂ ಹೊಳೆಯಬಾರದಿತ್ತೇ ಎಂದೂ ಸೇರಿಸಿದೆ.

"ಒಲೆ ಹಾಕಿದ್ರೆ ಕರೆಂಟ್ ಹೋಗುತ್ತೆ ಅಂತ ಗೊತ್ತಿತ್ತು ಅತ್ತಿಗೆ. ನೀವು ಒಲೆ ತರ್ತೀನಿ ಅಂದಿದ್ದಕ್ಕೇ ಮತ್ತೆ ಬಿಟಿಎಂಗೆ ಹೋಗಿ ಆ ಬ್ಯಾಟರಿ ತಂದೆ. ಬಸ್ಸಲ್ಲಿ, ತೊಡೆ ಮೇಲೆ ಇಟ್ಕೊಂಡು."

ನಾನು ಒರೆಸುವುದು ಬಿಟ್ಟು ಬೆಂಚಿನ ಮೇಲೆ ಕೂತೆ. "ಅಷ್ಟು ಭಾರ ಹೊತ್ತೇನೇ? ಬೇಡ ಅಂದಿದ್ರೆ ಮುಗೀತಿತ್ತಲ್ಲ."

"ಬೇಡ ಅಂದಿದ್ರೆ ನೀವು ಬರ್ತಿರಲಿಲ್ಲ. ಮೂವತ್ತು ವರ್ಷ ನನ್ನ ಊಟದ ಡಬ್ಬಿ ಗೇಟ್ ತನಕ ತಂದ್ರಿ. ಒಂದು ದಿನಾನೂ ಒಳಗೆ ಬಂದಿಲ್ಲ ನೀವು."

ಒಳಗೆ ಬಂದರೆ ಯಾರಾದರೂ ಎಷ್ಟು ಓದಿದ್ದೀರಿ ಎಂದು ಕೇಳಿಯಾರು ಎಂದು ಬರುತ್ತಿರಲಿಲ್ಲ. ಮೂರನೆಯ ಕ್ಲಾಸು ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಇದನ್ನು ನಾನು ಗಂಡನಿಗೂ ಹೇಳಿದವಳಲ್ಲ.

ಪಾತ್ರೆ ಮುಟ್ಟಿ ನೋಡಿದೆ. ಹಾಲು ಉಕ್ಕಿರಲಿಲ್ಲ, ಆರಿ ಉಗುರುಬೆಚ್ಚಗಾಗಿತ್ತು ಅಷ್ಟೇ. ತಂದಿದ್ದ ಒಂದೇ ಲೋಟಕ್ಕೆ ಬಗ್ಗಿಸಿ ಅವಳಿಗೆ ಕೊಟ್ಟೆ, ಅರ್ಧ ಕುಡಿದು ನನಗೆ ಕೊಟ್ಟಳು. ಆಮೇಲೆ ಹೊತ್ತಾಯಿತೆಂದು ಬೀಗದ ಕೈ ತೆಗೆದುಕೊಂಡು ಎದ್ದಳು.

"ಕೂತ್ಕೊಳ್ಳೇ" ಎಂದೆ. "ಇನ್ನೊಂದು ಸ್ವಲ್ಪ ಹೊತ್ತು ಇಲ್ಲೇ ಇರೋಣ."